ಮ್ಯಾನ್ಯುಯಲ್ ಯಾರೂ ಓದಲ್ವಾ?

ಪ್ರಶ್ನೆ: ರೈಸ್ ಮಿಲ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿಯಲ್ಲಿದ್ದೇನೆ. ಮ್ಯಾನ್ಯುಯಲ್ ಬರೆಯುವುದು ನನ್ನ ಕೆಲಸ. ‘ಅದನ್ನು ಯಾರೂ ಓದಲ್ಲ, ಸುಮ್ನೆ ಏನೋ ಬರೆದು ಮುಗಿಸಮ್ಮ’ ಅಂತ ಸೀನಿಯರ್‌ಗಳೇ ಹೇಳುತ್ತಾರೆ. ನಿಜವೇ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಈ ಕೆಲಸಕ್ಕೆ ಬಂದಾಗಿನಿಂದ ನಾನೂ ಈ ಮಾತು ಕೇಳುತ್ತಿದ್ದೇನೆ. ಅರ್ಧ ಮಾತ್ರ ನಿಜ. ಮೊದಲ ಪುಟದಿಂದ ಯಾರೂ ಓದುವುದಿಲ್ಲ. ಕೆಲಸ ಅರ್ಧಕ್ಕೆ ನಿಂತಾಗ ಹುಡುಕುತ್ತಾರೆ. 1980ರ ದಶಕದಲ್ಲಿ ಕಂಪ್ಯೂಟರ್ ಕಂಪನಿ ಐಬಿಎಂನಲ್ಲಿ ಸಂಶೋಧಕರಾಗಿದ್ದ ಜಾನ್ ಕ್ಯಾರೊಲ್ ಇದನ್ನೇ ಗಮನಿಸಿದರು. ದಪ್ಪ ಪುಸ್ತಕ ಕೈಗಿಟ್ಟರೂ ಜನ ನೇರವಾಗಿ ಕೀ ಒತ್ತೋಕೆ ಶುರು ಮಾಡುತ್ತಿದ್ದರು. ಕ್ಯಾರೊಲ್ ಪುಸ್ತಕವನ್ನೇ ಚಿಕ್ಕದು ಮಾಡಿದರು. ಮಾಡಬೇಕಾದ ಕೆಲಸ, ತಪ್ಪಾದರೆ ಸರಿಪಡಿಸುವ ದಾರಿ, ಇವನ್ನು ಮುಂದೆ ತಂದರು.

ನನಗೆ ಇದು ತಿಳಿದದ್ದು ಗಂಗಾವತಿಯ ಒಂದು ಮಿಲ್ಲಿನಲ್ಲಿ. ನಾನು ಬರೆದ ಮ್ಯಾನ್ಯುಯಲ್ ಬೀರುವಿನ ಮೇಲಿತ್ತು. ಗುಮಾಸ್ತರ ಮಾನಿಟರ್ ಅಂಚಿಗೆ ಕ್ಯಾಲೆಂಡರ್ ಹಾಳೆಯ ತುಂಡೊಂದನ್ನು ಅಂಟಿಸಿದ್ದರು. ಅದರ ಮೇಲೆ ಕೆಂಪು ಪೆನ್ನಿನಲ್ಲಿ, ‘4 ಚೀಲ = 3 ಕ್ವಿಂಟಲ್. ಲಾರಿ ನಂಬರ್ ಆದಮೇಲೆ ಎಂಟರ್ 2 ಸಲ.’ ನಮ್ಮ ಕಡೆ ಭತ್ತದ ರೇಟು 75 ಕೆಜಿ ಚೀಲದ ಲೆಕ್ಕ ಅಲ್ವಾ? ನಾನು ಎಲ್ಲ ಉದಾಹರಣೆಗಳನ್ನೂ ಕ್ವಿಂಟಲ್‌ನಲ್ಲೇ ಕೊಟ್ಟಿದ್ದೆ. ಒಂದೊಂದು ಮೆನುವನ್ನೂ ವಿವರಿಸಿದ್ದೆ. ಅವರಿಗೆ ಬೇಕಾಗಿದ್ದ ಆ ಎರಡು ಸಾಲು ಮಾತ್ರ ಎಲ್ಲೂ ಇರಲಿಲ್ಲ. ನನಗೆ ತುಂಬಾ ಬೇಜಾರಾಯಿತು.

ಆ ಚೀಟಿಯ ಫೋಟೋವನ್ನು ಡೆವಲಪರ್‌ಗೂ ತೋರಿಸಿದೆ. ಎರಡು ಸಲ ಎಂಟರ್ ಒತ್ತಬೇಕಾದದ್ದು ಸಾಫ್ಟ್‌ವೇರಿನ ತಪ್ಪು. ಅದನ್ನು ಮ್ಯಾನ್ಯುಯಲ್‌ನಲ್ಲಿ ಬರೆದು ಮುಚ್ಚಬಾರದು. ಅವರು ಸರಿಪಡಿಸಿದರು, ನನಗೆ ಒಂದು ಸಾಲು ಬರೆಯೋದು ತಪ್ಪಿತು.

ಇನ್ನೊಂದು ವಿಷಯ. ಸ್ಕ್ರೀನಿನಲ್ಲಿ ‘ಸೇವ್’ ಅಂತಿದ್ದರೆ ಮ್ಯಾನ್ಯುಯಲ್‌ನಲ್ಲೂ ‘ಸೇವ್’ ಅಂತಲೇ ಬರೆಯಿರಿ. ‘ಉಳಿಸಿ’ ಅಂತ ಬರೆದರೆ ಆ ಬಟನ್ ಹುಡುಕುತ್ತಾ ಕೂರುತ್ತಾರೆ. ಬಿಲ್ ಡಿಲೀಟ್ ಮಾಡಿದರೆ ವಾಪಸ್ ಬರೋದಿಲ್ಲ ಅನ್ನೋದಾದರೆ, ಆ ಎಚ್ಚರಿಕೆ ‘ಡಿಲೀಟ್ ಒತ್ತಿ’ ಅನ್ನುವ ಸಾಲಿಗಿಂತ ಮೇಲಿರಲಿ. ಕೆಳಗಿದ್ದರೆ, ಅದು ಕಣ್ಣಿಗೆ ಬೀಳುವಷ್ಟರಲ್ಲಿ ಬಿಲ್ ಹೋಗಿರುತ್ತದೆ.

ಸಿಂಧನೂರಿನಲ್ಲೇ ಇದ್ದೀರಿ, ಮಿಲ್ಲುಗಳಿಗೇನು ಕೊರತೆ? ಒಂದು ದಿನ ಗುಮಾಸ್ತರ ಪಕ್ಕ ಕುರ್ಚಿ ಹಾಕಿಕೊಂಡು ಕೂತು ನೋಡಿ. ನವೆಂಬರ್‌ಗೆ ಮುಂಚೆಯೇ ಹೋಗಿ. ಸುಗ್ಗಿ ಶುರುವಾದರೆ ಅವರಿಗೆ ಮಾತಾಡೋಕೂ ಪುರುಸೊತ್ತಿರಲ್ಲ.