ಊರಿನ ಮಕ್ಕಳಿಗೆ ಆಟ, ಓದು ಅಂತ ಏನಾದ್ರೂ ಮಾಡ್ಬೇಕು ಅಂದ್ರೆ ಎಲ್ಲಿಂದ ಶುರು ಮಾಡೋದು?

ನೀವು ಬರೆದಿರೋದು ನನಗೆ ಅರ್ಥ ಆಗಿದ್ದು ಇಷ್ಟು. ಬೆಂಗಳೂರಲ್ಲಿ ಕೆಲಸ, ತಿಂಗಳಿಗೆ ಎರಡು ಸಲ ಊರಿಗೆ ಹೋಗ್ತೀರ, ಅಲ್ಲಿ ಹುಡುಗ್ರು ಸಾಯಂಕಾಲ ಅರಳಿಕಟ್ಟೆ ಮೇಲೆ ಮೊಬೈಲ್ ಹಿಡ್ಕೊಂಡು ಕೂತಿರ್ತಾರೆ, ಅವರನ್ನ ಆಟಕ್ಕೆ ಎಬ್ಬಿಸ್ಬೇಕು, ಊರಿನ ಕೆಲಸಕ್ಕೂ ಸೇರಿಸ್ಕೋಬೇಕು, ಮಾರ್ಕ್ಸ್ ಆಚೆಗೆ ಮನಸ್ಸಿಗೆ ಇಳಿಯೋ ಥರ ಏನಾದ್ರೂ ಕಲಿಸ್ಬೇಕು, ಹೆಂಗೆ ಮಾಡೋದು, ಎಷ್ಟು ಖರ್ಚಾಗುತ್ತೆ ಅಂತ.

ನಾನು ಮೇಷ್ಟ್ರಲ್ಲ, ಎನ್‌ಜಿಓನವನೂ ಅಲ್ಲ. ತಿಪಟೂರು ಕಡೆ ಒಂದು ಹಳ್ಳಿ, ಬಸ್ ಸ್ಟ್ಯಾಂಡ್ ಹತ್ರ ಝೆರಾಕ್ಸ್ ಅಂಗಡಿ ಇಟ್ಕೊಂಡಿದೀನಿ, ಆನ್‌ಲೈನ್ ಅರ್ಜಿ ಹಾಕಿಕೊಡ್ತೀನಿ, ಸ್ವಲ್ಪ ತೆಂಗಿನ ತೋಟ ಇದೆ. 2018ರಿಂದ ಭಾನುವಾರ ಸಾಯಂಕಾಲ ಮಕ್ಕಳ ಜೊತೆ ಆಡ್ತಾ ಇದೀನಿ ಅಷ್ಟೇ. ಕೊರೊನಾ ಟೈಮಲ್ಲಿ ಬಿಟ್ರೆ ಹೆಚ್ಚು ಕಮ್ಮಿ ತಪ್ಪಿಸಿಲ್ಲ.

ಮೊದಲನೇ ವರ್ಷ ನಾನು ಮಾಡಿದ ಪೆದ್ದು ಕೆಲಸನೇ ಮೊದಲು ಹೇಳ್ತೀನಿ, ನೀವೂ ಅದನ್ನೇ ಮಾಡೋ ಲಕ್ಷಣ ಪ್ರಶ್ನೇಲಿ ಕಾಣ್ತಿದೆ, ಬೇಜಾರ್ ಮಾಡ್ಕೋಬೇಡಿ. ಏಪ್ರಿಲ್ ರಜೆಗೆ ಬೇಸಿಗೆ ಶಿಬಿರ ಅಂತ ಫ್ಲೆಕ್ಸ್ ಹಾಕಿಸ್ದೆ, ಟೈಮ್ ಟೇಬಲ್ ಪ್ರಿಂಟ್ ಹೊಡ್ದೆ (ಅಂಗಡಿ ನಂದೇ ಅಲ್ವಾ), ವಿಸಿಲ್ ತಂದೆ, ಬೆಳಗ್ಗೆ ಯೋಗ, ಆಮೇಲೆ ನೈತಿಕ ಕಥೆ, ಆಮೇಲೆ ವ್ಯಕ್ತಿತ್ವ ವಿಕಸನ. ಮೊದಲ ದಿನ ನಲವತ್ತು ಮಕ್ಕಳು, ನಾಲ್ಕನೇ ದಿನ ಒಂಬತ್ತು, ಅದ್ರಲ್ಲಿ ಇಬ್ರು ನನ್ನ ಅಣ್ಣನ ಮಕ್ಕಳು. ಮಿಕ್ಕವರು ಎಲ್ಲಿ ಹೋದ್ರು ಅಂತ ಹುಡುಕ್ಕೊಂಡು ಹೋದ್ರೆ ಕೆರೆ ಏರಿ ಕೆಳಗಡೆ ಲಗೋರಿ ಆಡ್ತಾ ಇದಾರೆ, ಏಳು ಹೆಂಚಿನ ಚೂರು, ಒಂದು ಸವೆದುಹೋದ ಟೆನ್ನಿಸ್ ಬಾಲ್, ಕೂಗಾಟ ಅಂದ್ರೆ ಕೂಗಾಟ. ನಾನೂ ಬರ್ತೀನಿ ಕಣ್ರೋ ಅಂದೆ. ಒಬ್ರ ಮುಖ ಒಬ್ರು ನೋಡ್ಕೊಂಡ್ರು, ಆಮೇಲೆ ಏಳನೇ ಕ್ಲಾಸಿನವನೊಬ್ಬ ಹೇಳ್ದ, "ಬನ್ನಿ ಅಂಕಲ್, ಆದ್ರೆ ನೀವು ಆಟಕ್ಕುಂಟು ಲೆಕ್ಕಕ್ಕಿಲ್ಲ."

ಚಿಕ್ಕ ತಮ್ಮನ್ನ ಸೊಂಟದ ಮೇಲೆ ಎತ್ಕೊಂಡು ಬಂದಿರೋ ಹುಡುಗಿ ಅವನನ್ನೂ ಆಟಕ್ಕೆ ಬಿಟ್ರೆ, ಅವನು ಓಡ್ಬಹುದು, ಕೂಗ್ಬಹುದು, ಆದ್ರೆ ಔಟ್ ಆದ್ರೂ ಔಟಲ್ಲ, ಗೆದ್ರೂ ಗೆದ್ದಂಗಲ್ಲ. ನಲವತ್ತು ವರ್ಷದ ನಾನು ಆವತ್ತು ಆ ಸ್ಥಾನದಲ್ಲಿ ನಿಂತ್ಕೊಂಡಿದ್ದೆ. ಒಂದು ಗಂಟೆ ಬಿಸಿಲಲ್ಲಿ ಓಡಿದ್ರೂ ಯಾರೂ ನನ್ನ ಕಡೆ ಚೆಂಡೇ ಎಸೀಲಿಲ್ಲ ಕಣ್ರೀ. ಮನೆಗೆ ಬಂದ್ಮೇಲೆ ಹೊಳೀತು, ಶಾಲೇಲಿ, ಮನೇಲಿ, ಪಂಚಾಯ್ತೀಲಿ, ನನ್ನ ಶಿಬಿರದಲ್ಲೂ ಸೇರಿ, ನಾವು ದೊಡ್ಡೋರು ಈ ಮಕ್ಕಳನ್ನ ಇಟ್ಟಿರೋದು ಇದೇ ಜಾಗದಲ್ಲಿ. ಬರ್ಲಿ, ಕೂರ್ಲಿ, ಚಪ್ಪಾಳೆ ತಟ್ಟಲಿ, ಲೆಕ್ಕಕ್ಕೆ ಮಾತ್ರ ಬೇಡ.

ಅದಕ್ಕೇ ನನ್ನ ಉತ್ತರ ಒಂದೇ ಮಾತು. ಏನೇ ಮಾಡಿ, ಮಕ್ಕಳು ಹೇಳಿದ್ದು ಲೆಕ್ಕಕ್ಕೆ ಬರೋ ಥರ ಮಾಡಿ, ಮೊದಲು ಆಟದಲ್ಲಿ ಮಾಡಿ ಯಾಕಂದ್ರೆ ಅದು ಸುಲಭ, ಆಮೇಲೆ ಬೇರೆ ಕಡೆ.

ಆಟದಲ್ಲಿ ಹೆಂಗೆ ಅಂದ್ರೆ, ವಿಸಿಲ್ ಬೀರುಗೆ ಹಾಕಿ ಬೀಗ ಹಾಕಿ. ನಿಯಮ ಅವರೇ ಮಾಡ್ಲಿ, ಜಗಳ ಅವರೇ ಬಿಡಿಸ್ಕೊಳ್ಳಲಿ. ಇದು ಹೇಳಕ್ಕೆ ಸುಲಭ, ಮಾಡಕ್ಕೆ ಪ್ರಾಣ ಹೋಗುತ್ತೆ. ಚೆಂಡು ತಾಗ್ತೋ ಇಲ್ವೋ ಅಂತ ಒಂದ್ಸಲ ಇಪ್ಪತ್ತು ನಿಮಿಷ ಕಿತ್ತಾಡಿದ್ರು, ನಂಗೆ ತಡ್ಕೊಳ್ಳಕ್ಕಾಗ್ದೆ ಮಧ್ಯೆ ಹೋಗಿ "ಔಟು, ನಾನು ನೋಡ್ದೆ" ಅಂದ್ಬಿಟ್ಟೆ. ಅಷ್ಟೇ, ಎರಡೂ ಟೀಮು ಸುಮ್ನಾಯ್ತು, ಐದು ನಿಮಿಷದಲ್ಲಿ ಆಟನೇ ಮುಗೀತು, ಒಬ್ಬೊಬ್ರೇ ಮನೆ ಕಡೆ ಹೊರಟ್ರು. ಜಗಳನೂ ಆಟದ ಭಾಗನೇ ಅಂತ ಅವತ್ತು ಗೊತ್ತಾಯ್ತು, ಸಾಕ್ಷಿ ಕರೆಯೋದು, ವಾದ ಮಾಡೋದು, ಸೋಲೋ ಥರ ಆದ್ರೆ "ಸರಿ, ಇನ್ನೊಂದ್ಸಲ ಎಸಿ" ಅಂತ ರಾಜಿ ಆಗೋದು, ಇದನ್ನ ಯಾವ ಶಿಬಿರದಲ್ಲಿ ಕಲಿಸ್ತಾರೆ ಹೇಳಿ.

ಇನ್ನೊಂದು ಹೇಳ್ಲೇಬೇಕು. ಒಂದು ಹುಡುಗಿಗೆ ಎಡಗಾಲು ಸ್ವಲ್ಪ ಎಳೆಯುತ್ತೆ. ಅವಳ ಮೇಲೆ ಕನಿಕರ ಇಟ್ಟು ಎಲ್ಲರೂ ಅವಳನ್ನ ಆಟಕ್ಕುಂಟು ಲೆಕ್ಕಕ್ಕಿಲ್ಲ ಮಾಡಿದ್ರು. ಎರಡು ವಾರ ಸುಮ್ನಿದ್ಲು, ಮೂರನೇ ವಾರ ಚೆಂಡು ತಗೊಂಡು ಹೊಂಗೆ ಮರದ ಬುಡಕ್ಕೆ ಹೋಗಿ ಕೂತ್ಬಿಟ್ಲು, ಕೊಡು ಅಂದ್ರೂ ಕೊಡಲ್ಲ. "ನನ್ನ ಯಾಕೆ ಯಾರೂ ಔಟ್ ಮಾಡಲ್ಲ?" ಅಂತ ಕೇಳಿದ್ಲು. ಯಾರತ್ರಾನೂ ಉತ್ತರ ಇಲ್ಲ, ನನ್ನತ್ರಾನೂ ಇಲ್ಲ. ಆಮೇಲೆ ಅವರವರೇ ಕೂತು ಹೊಸ ನಿಯಮ ಮಾಡಿದ್ರು. ಲಗೋರಿ ಒಡೆಯೋಳು ಅವಳೇ, ಅವಳ ಪರವಾಗಿ ಇನ್ನೊಬ್ಬಳು ಓಡ್ತಾಳೆ, ಓಡೋಳಿಗೆ ಚೆಂಡು ಬಿದ್ರೆ ಇವಳು ಔಟು. ಮೊದಲನೇ ರೌಂಡಲ್ಲೇ ಔಟಾದ್ಲು. ಮುಖ ಅರಳಿದ್ದು ನೋಡ್ಬೇಕಿತ್ತು ನೀವು.

ಜಾಗದ ವಿಷಯ ಸ್ವಲ್ಪ ಕಷ್ಟದ್ದು, ಆದ್ರೂ ಹೇಳ್ತೀನಿ. ನಾನು ಶುರು ಮಾಡಿದ್ದು ಗುಡಿ ಮುಂದಿನ ಬಯಲಲ್ಲಿ, ನೆರಳಿತ್ತು, ನಲ್ಲಿ ಇತ್ತು. ಕಾಲೋನಿ (ದಲಿತರ ಕೇರಿ) ಮಕ್ಕಳು ಬರ್ತಿರಲಿಲ್ಲ, ಬಂದ್ರೂ ಬಯಲಿನ ಅಂಚಲ್ಲಿ ನಿಂತು ನೋಡ್ತಿದ್ರು. ಕರೆದ್ರೆ "ಇರ್ಲಿ ಅಣ್ಣ" ಅಂತಿದ್ರು. ನಾಚಿಕೆ ಇರ್ಬೇಕು ಅಂದ್ಕೊಂಡಿದ್ದೆ, ಎಷ್ಟು ದಡ್ಡ ನೋಡಿ ನಾನು. ಶಾಲೆ ಮೈದಾನಕ್ಕೆ ಬದಲಾಯಿಸಿದ ಮೇಲೇನೇ ಅವರು ಬಂದಿದ್ದು. ಹಂಗಾಗಿ ಜಾಗ ಹುಡುಕುವಾಗ ನೆರಳು ಆಮೇಲೆ, ಯಾರು ಅಲ್ಲಿಗೆ ಕಾಲಿಡಕ್ಕೆ ಹಿಂಜರೀತಾರೆ ಅನ್ನೋದು ಮೊದಲು ನೋಡಿ. ಕುಡಿಯೋ ನೀರಿಗೆ ಒಂದೇ ಕ್ಯಾನ್, ಒಂದೇ ಲೋಟ, ಎತ್ತಿ ಕುಡಿಯೋದು, ಎಲ್ಲರಿಗೂ ಅಷ್ಟೇ. ಇದಕ್ಕೆ ಇಬ್ರು ಅಪ್ಪಂದಿರು ಅಂಗಡೀಗೆ ಬಂದು ಜೋರು ಮಾಡಿ ಹೋದ್ರು, ಒಬ್ರ ಮಗ ಈಗ್ಲೂ ಬರಲ್ಲ.

ಹೆಣ್ಣುಮಕ್ಕಳಿಗೆ ಟೈಮ್ ಅವರನ್ನೇ ಕೇಳಿ ಇಡಿ. ನಮ್ಮಲ್ಲಿ ಐದು ಗಂಟೆ ಅಂದ್ರೆ ನೀರು ಹಿಡಿಯೋ ಹೊತ್ತು, ಅದಕ್ಕೇ ಮೂರೂವರೆಗೆ ಮಾಡ್ಕೊಂಡ್ವಿ. 2025ರ ಜನವರೀಲಿ ಡೆಲ್ಲೀಲಿ ಖೋ ಖೋ ವಿಶ್ವಕಪ್ ಆಯ್ತಲ್ಲ, ನಮ್ಮ ಹೆಣ್ಣುಮಕ್ಕಳ ಟೀಮು ಫೈನಲಲ್ಲಿ ನೇಪಾಳನ 78-40ಕ್ಕೆ ಸೋಲಿಸ್ತು, ಅದ್ರಲ್ಲಿ ಟಿ. ನರಸೀಪುರ ತಾಲ್ಲೂಕು ಕುರುಬೂರಿನ ಚೈತ್ರಾ ಇದ್ರು. ಹಳ್ಳಿಯವಳು ಅಂತ ಗೊತ್ತಾಗಿದ್ದೇ ತಡ ನಮ್ಮ ಹುಡುಗೀರು ಲಗೋರಿ ಬಿಟ್ಟು ಖೋ ಖೋ ಹಿಡಿದ್ರು. ಎರಡು ಅಡಿಕೆ ಮರದ ತುಂಡು ನೆಟ್ವಿ, ಸುಣ್ಣದಲ್ಲಿ ಗೆರೆ ಎಳೆದ್ವಿ, ಎಂಟು ಜನ ಕೂರೋರು, ಒಬ್ಳು ಅಟ್ಟಿಸ್ಕೊಂಡು ಹೋಗೋಳು, ಶೂ ಬೇಡ, ಬ್ಯಾಟ್ ಬೇಡ. ಬಡವರ ಮೈದಾನಕ್ಕೆ ಹೇಳಿ ಮಾಡಿಸಿದ ಆಟ.

ಈಗ ಊರಿನ ಕೆಲಸಕ್ಕೆ ಸೇರಿಸೋದು. ಇದಕ್ಕೆ ನೀವು ಹೊಸದಾಗಿ ಏನೂ ಕಟ್ಟಬೇಕಿಲ್ಲ, ನಮ್ಮ ರಾಜ್ಯದಲ್ಲಿ ಪ್ರತಿ ಗ್ರಾಮ ಪಂಚಾಯ್ತಿ ವರ್ಷಕ್ಕೊಂದ್ಸಲ ಮಕ್ಕಳ ಗ್ರಾಮ ಸಭೆ ಮಾಡ್ಬೇಕು, ಸಾಮಾನ್ಯವಾಗಿ ಮಕ್ಕಳ ದಿನಾಚರಣೆ ಆದ್ಮೇಲೆ ನೋಟಿಸ್ ಬರುತ್ತೆ. ಇದು ಮೇಲಿಂದ ಉದುರಿದ್ದೂ ಅಲ್ಲ, 90ರ ದಶಕದಲ್ಲೇ ಕುಂದಾಪುರ ಕಡೆ ದುಡಿಯೋ ಮಕ್ಕಳು ಭೀಮ ಸಂಘ ಅಂತ ಕಟ್ಕೊಂಡು, ಮಕ್ಕಳ ಪಂಚಾಯ್ತಿಗೆ ತಾವೇ ಎಲೆಕ್ಷನ್ ಮಾಡ್ಕೊಂಡು, ಮಳೆಗಾಲದಲ್ಲಿ ತೋಡು (ಹಳ್ಳ) ದಾಟಕ್ಕೆ ಕಾಲುಸಂಕ (ಚಿಕ್ಕ ಸೇತುವೆ) ಬೇಕು ಅಂತೆಲ್ಲ ಪಂಚಾಯ್ತಿನ ಕೇಳಿದವರು.

ನಾನು ನೋಡಿದ ಮೊದಲನೇ ಸಭೆ ಹೆಂಗಿತ್ತು ಗೊತ್ತಾ. ಶಾಮಿಯಾನ, ವೇದಿಕೆ ಮೇಲೆ ಹನ್ನೊಂದು ಕುರ್ಚಿ, ಸ್ವಾಗತ ಗೀತೆ, ಹಾರ, ಒಂದೂವರೆ ಗಂಟೆ ಭಾಷಣ. ಮಕ್ಕಳು ನೆಲದ ಮೇಲೆ. ಕೊನೇಲಿ ಒಬ್ಳು ಎದ್ದು ಚೀಟಿ ನೋಡ್ಕೊಂಡು "ನಮ್ಮ ಗ್ರಾಮದ ಸರ್ವತೋಮುಖ ಅಭಿವೃದ್ಧಿಗೆ" ಅಂತ ಓದಿದ್ಲು, ಯಾರು ಬರ್ಕೊಟ್ಟಿದ್ದು ಅಂತ ಎಲ್ಲರಿಗೂ ಗೊತ್ತು. ಬಿಸ್ಕತ್ತು ಕೊಟ್ಟು ಕಳಿಸಿದ್ರು.

ಮುಂದಿನ ವರ್ಷ, 2019ರಲ್ಲಿ, ಒಂದು ತಿಂಗಳು ಮುಂಚೆನೇ ಶುರು ಮಾಡಿದ್ವಿ. ಶಾಲೆ ಜಗಲಿ ಮೇಲೆ ಬಳಪದಲ್ಲಿ ಊರಿನ ನಕ್ಷೆ ಬರೆದ್ರು ಮಕ್ಕಳು, ದೊಡ್ಡದಾಗಿ, ಮೇಲೆ ನಡೆದಾಡೋ ಅಷ್ಟು. ನಿಮಗೆ ಭಯ ಆಗೋ ಜಾಗದಲ್ಲಿ ಹುಣಸೆ ಬೀಜ ಇಡಿ ಅಂದೆ, ಖುಷಿ ಆಗೋ ಜಾಗದಲ್ಲಿ ಹೂವು. ಹುಡುಗ್ರ ಹೂವೆಲ್ಲ ಕೆರೆ ಹತ್ರ. ಹುಣಸೆ ಬೀಜ ಬಸ್ ಸ್ಟಾಪಿಂದ ಶಾಲೆಗೆ ಬರೋ ದಾರೀಲಿ, ಲೈಟ್ ಇಲ್ಲ, ಕುಡಿದೋರು ಕೂತಿರ್ತಾರೆ. ಇದು ನಂಗೂ ಗೊತ್ತಿತ್ತು. ಗೊತ್ತಿಲ್ದೇ ಇದ್ದಿದ್ದು ಏನಂದ್ರೆ, ಹೆಣ್ಣುಮಕ್ಕಳು ಹೆಚ್ಚು ಕಮ್ಮಿ ಎಲ್ಲರೂ ಶಾಲೆ ಟಾಯ್ಲೆಟ್ ಮೇಲೆ ಬೀಜ ಇಟ್ಟಿದ್ರು. ಒಳಗಡೆ ಚಿಲಕ ಇಲ್ಲ. ಒಬ್ಳು ಹೋದ್ರೆ ಇನ್ನೊಬ್ಳು ಹೊರಗೆ ಬಾಗಿಲು ಹಿಡ್ಕೊಂಡು ನಿಲ್ಬೇಕು, ಜೊತೆಗೆ ಯಾರೂ ಇಲ್ದಿದ್ರೆ ಹೋಗೋ ಹಂಗಿಲ್ಲ, ಅದಕ್ಕೆ ಬೆಳಗ್ಗೆಯಿಂದ ನೀರೇ ಕುಡಿಯಲ್ಲ. ಮೂರು ವರ್ಷದಿಂದ ಹಿಂಗೇ ಅಂತೆ. ನನ್ನ ಅಂಗಡಿಯಿಂದ ಆ ಟಾಯ್ಲೆಟ್ಟು ಕಾಣುತ್ತೆ ಸ್ವಾಮಿ.

ಸಭೇಲಿ ಎದ್ದು ಕೇಳಿದೋಳು ಐದನೇ ಕ್ಲಾಸಿನ ಹುಡುಗಿ, ಆಟದಲ್ಲಿ ಬಾಯೇ ಬಿಡದೋಳು. "ಚಿಲಕ ಯಾವಾಗ ಹಾಕಿಸ್ತೀರ?" ಅಷ್ಟೇ. ವೇದಿಕೆ ಮೇಲಿದ್ದೋರೊಬ್ರು ನಕ್ಕು, "ಇದನ್ನೆಲ್ಲ ಇಲ್ಲಿ ಕೇಳ್ತಾರಾ ಪುಟ್ಟಿ, ಹೆಡ್ ಮೇಷ್ಟ್ರಿಗೆ ಹೇಳು" ಅಂದ್ರು. ಅವಳು ಕೂರಲಿಲ್ಲ. "ಹೇಳಿದೀವಿ ಸರ್. ಡೇಟ್ ಹೇಳಿ" ಅಂದ್ಲು. ಲಗೋರೀಲಿ ಔಟೋ ಅಲ್ವೋ ಅಂತ ಪಟ್ಟು ಹಿಡಿದು ನಿಲ್ತಾರಲ್ಲ, ಹಂಗೇ ನಿಂತಿದ್ಲು. ಹಿಂದಿಂದ ಮಿಕ್ಕ ಮಕ್ಕಳೂ "ಡೇಟು ಡೇಟು" ಅಂತ ಶುರು ಮಾಡಿದ್ರು, ಅದು ನಾನು ಹೇಳ್ಕೊಟ್ಟಿದ್ದಲ್ಲ. ನಡಾವಳಿ ಪುಸ್ತಕದಲ್ಲಿ, ಅಂದ್ರೆ ಸಭೇಲಿ ಆಗಿದ್ದನ್ನ ಬರೆದಿಡೋ ಪುಸ್ತಕದಲ್ಲಿ, ಬರೆಸಿದ್ವಿ. ಸೋಮವಾರ ಚಿಲಕ ಬಿತ್ತು. ಅಂಗಡೀಲಿ ಒಂದು ಊಟದ ದುಡ್ಡು ಆಗಲ್ಲ ಅದಕ್ಕೆ. ಲೈಟಿಗೆ ಮಾತ್ರ ಒಂದೂವರೆ ವರ್ಷ ಓಡಾಡ್ಬೇಕಾಯ್ತು, ಮೈದಾನಕ್ಕೆ ಕಾಂಪೌಂಡು ಇವತ್ತಿಗೂ ಬಂದಿಲ್ಲ, ಎಮ್ಮೆ ನುಗ್ಗುತ್ತೆ.

ಹಂಗಾಗಿ ಸಭೆ ಆದ್ಮೇಲೆ ನಡಾವಳಿ ನಕಲು ಈಸ್ಕೊಳ್ಳಿ, ಮುಂದಿನ ಸಭೇಲಿ ಹಿಂದಿನದರ ಅನುಪಾಲನಾ ವರದಿ (ಒಪ್ಕೊಂಡಿದ್ರಲ್ಲಿ ಏನೇನು ಮಾಡಿದ್ರಿ ಅನ್ನೋ ವರದಿ) ಓದಿ ಅಂತ ಮಕ್ಕಳ ಕೈಲೇ ಕೇಳ್ಸಿ. ಈ ಪದ ಮಕ್ಕಳ ಬಾಯಲ್ಲಿ ಬಂದ್ರೆ ಆಫೀಸಿನೋರು ಬೆವರ್ತಾರೆ. ಶಾಲೆ ಕಡೆಯಿಂದ ಆಟದ ಮೈದಾನ, ಲೈಬ್ರರಿ ಕೇಳಕ್ಕೆ ಕಾನೂನೂ ಇದೆ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಷೆಡ್ಯೂಲಲ್ಲೇ ಎರಡೂ ಬರೆದಿದೆ, ಎಸ್‌ಡಿಎಂಸೀಲಿ (ಶಾಲೆ ಅಭಿವೃದ್ಧಿ, ಮೇಲುಸ್ತುವಾರಿ ಸಮಿತೀಲಿ) ಯಾರಾದ್ರೂ ಪರಿಚಯದ ತಾಯಂದಿರು ಇದ್ರೆ ಅವರ ಮೂಲಕ ಹೋಗಿ.

ಇನ್ನು ಮನಸ್ಸಿಗೆ ಇಳಿಯೋ ಶಿಕ್ಷಣ ಅಂದ್ರಲ್ಲ. ಅದು ನಾನು ಕಲಿಸೋದು ಅಂತ ಅಂದ್ಕೊಂಡಿದ್ದಾಗ ಏನೂ ಆಗಿರಲಿಲ್ಲ. ಮಳೆ ಬಂದ ಒಂದು ಭಾನುವಾರ ಶಾಲೆ ಪಕ್ಕದ ಮನೆ ಅಜ್ಜಿ ಜಗಲಿ ಮೇಲೆ ಎಲ್ಲರೂ ನುಗ್ಗಿದ್ವಿ. ಅಜ್ಜಿ ಅಟ್ಟದಿಂದ ಅಳಿಗುಳಿ ಮಣೆ ಇಳಿಸಿದ್ರು, ಹದಿನಾಲ್ಕು ಗುಳಿ, ಎಣ್ಣೆ ಹಚ್ಚಿ ಹಚ್ಚಿ ಕರ್ರಗೆ ಮಿಂಚ್ತಿತ್ತು. ಅಜ್ಜಿ ಶಾಲೆ ಮೆಟ್ಟಿಲು ಹತ್ತಿದವರಲ್ಲ, ಆದ್ರೆ ಯಾವ ಗುಳಿಯಿಂದ ಎತ್ತಿದ್ರೆ ಎಲ್ಲಿ ಹೋಗಿ ಖಾಲಿ ಬೀಳುತ್ತೆ ಅಂತ ಬೀಜ ಮುಟ್ಟದೇನೇ ಹೇಳ್ತಾರೆ. ಆರನೇ ಕ್ಲಾಸಿನ ಒಬ್ಬ ಹುಡುಗ, ಓದಕ್ಕೆ ಬರಲ್ಲ ಅಂತ ಹಿಂದಿನ ಬೆಂಚಿಗೆ ಹೋದವನು, ಮೂರು ವಾರದಲ್ಲಿ ಅಜ್ಜೀನ ಸೋಲಿಸ್ದ. ಅಜ್ಜಿ ಖುಷಿಯಾಗಿ ತಮ್ಮ ಮೊಬೈಲ್ ಕೊಟ್ಟು, "ಪೆನ್ಷನ್ ಬಂತಾ ನೋಡ್ಕೊಡು ಮಗ, ನೀನು ಶ್ಯಾಣ್ಯ" ಅಂದ್ರು. ಅವನು ಮೆಸೇಜ್ ನೋಡ್ಕೊಂಡು ಬಹಳ ಹೊತ್ತು ನಿಂತಿದ್ದ. ಆಮೇಲೆ ನನ್ನ ಹತ್ರ ಬಂದು ಮೆಲ್ಲಗೆ, "ಅಂಕಲ್, ಯಾರಿಗೂ ಹೇಳ್ಬೇಡಿ, ಓದೋದು ಹೇಳ್ಕೊಡ್ತೀರಾ?"

ಪಂಚಾಯ್ತಿ ಲೈಬ್ರರೀಲಿ ಸೇರಿಸ್ದೆ, ಈಗ ಅರಿವು ಕೇಂದ್ರ ಅಂತಾರಲ್ಲ ಅದು. 2020ರ ನವೆಂಬರಲ್ಲಿ ಓದುವ ಬೆಳಕು ಅಂತ ಕಾರ್ಯಕ್ರಮ ಶುರುವಾದಾಗಿಂದ ಮಕ್ಕಳಿಗೆ ಸದಸ್ಯತ್ವ ಫ್ರೀ, ನಿಮ್ಮೂರಲ್ಲೂ ಕೇಳಿ ನೋಡಿ. ಅವನೀಗ ಪುಸ್ತಕದ ಹುಳ ಆಗಿದಾನೆ ಅಂತೆಲ್ಲ ನಾನು ಬುರುಡೆ ಬಿಡಲ್ಲ. ತಡವರಿಸ್ತಾನೆ ಇನ್ನೂ. ಆದ್ರೆ ಆ ಬೀದಿಲಿ ಮೂರು ಜನ ಅಜ್ಜಿಯರ ಪೆನ್ಷನ್ ಮೆಸೇಜ್ ಓದೋದು ಅವನೇ.

ಖರ್ಚು ಕೇಳಿದ್ರಿ. ಫ್ಲೆಕ್ಸ್, ವಿಸಿಲ್ ಬಿಟ್ರೆ ದೊಡ್ಡ ಖರ್ಚು ಏನೂ ಇಲ್ಲ, ಟೆನ್ನಿಸ್ ಬಾಲು, ಸುಣ್ಣ, ಬಳಪ, ಗಾಯಕ್ಕೆ ಮುಲಾಮು. ಯಾರಾದ್ರೂ ಟೀ ಶರ್ಟ್ ಸ್ಪಾನ್ಸರ್ ಮಾಡ್ತೀನಿ ಅಂತ ಬರ್ತಾರೆ, ಎಲೆಕ್ಷನ್ ಹತ್ರ ಬಂದಾಗಂತೂ ಜಾಸ್ತಿ, ಬೇಡ ಅನ್ನಿ, ಯಾಕೆ ಅಂತ ನಾನು ಬಿಡಿಸಿ ಹೇಳ್ಬೇಕಿಲ್ಲ. ಒಬ್ರೇ ಮಾಡ್ಬೇಡಿ, ಊರಲ್ಲೇ ಇರೋ ಒಬ್ರನ್ನ, ಒಬ್ಬ ಹೆಂಗಸನ್ನ ಖಂಡಿತ ಜೊತೆಗಿಟ್ಕೊಳ್ಳಿ, ನಮ್ಮಲ್ಲಿ ಅಂಗನವಾಡಿ ಟೀಚರ್ ಬರ್ತಾರೆ. ಯಾವ ಮಗು ಜೊತೇಲೂ ಒಬ್ರೇ ಮರೆಗೆ ಹೋಗೋದು, ಬೈಕಲ್ಲಿ ಕರ್ಕೊಂಡು ಹೋಗೋದು ಬೇಡ. ಮಕ್ಕಳ ಸಹಾಯವಾಣಿ 1098 ಅಂತ ಗೋಡೆ ಮೇಲೆ ದೊಡ್ಡದಾಗಿ ಬರೆಸಿ, ಆಟ ಆಡ್ತಾ ಆಡ್ತಾ ಮಕ್ಕಳು ಮನೆ ವಿಷಯನೂ ಹೇಳ್ಬಿಡ್ತಾರೆ, ಕೆಲವು ನಿಮ್ಮ ಕೈಲಿ ಆಗೋ ಅಂಥದ್ದಲ್ಲ.

ತಿಂಗಳಿಗೆ ಎರಡೇ ಸಲ ಹೋಗೋದು ಅಂದ್ರಲ್ಲ, ಪರವಾಗಿಲ್ಲ, ಆದ್ರೆ ಬರ್ತೀನಿ ಅಂದ ಭಾನುವಾರ ತಪ್ಪಿಸ್ಬೇಡಿ. ನಾನೊಂದ್ಸಲ ಮದುವೆ ಅಂತ ಹೇಳ್ದೇ ತಪ್ಪಿಸ್ಕೊಂಡಿದ್ದಕ್ಕೆ ಮುಂದಿನ ವಾರ ಮೂರು ರೌಂಡ್ ಹೊರಗೆ ಕೂರಿಸಿದ್ರು. ಈಗ ನನ್ನನ್ನೂ ಔಟ್ ಮಾಡ್ತಾರೆ, ಬೆನ್ನಿಗೇ ಹೊಡೀತಾರೆ, ಅದಕ್ಕೇ ಹೇಳಿದ್ದು ಟೆನ್ನಿಸ್ ಬಾಲೇ ತಗೊಳ್ಳಿ ಅಂತ, ಆ ಗಟ್ಟಿ ರಬ್ಬರ್ ಬಾಲ್ ಮಾತ್ರ ಬೇಡ.