ಆಂಬುಲೆನ್ಸ್‌ಗೆ ಕರೆ ಮಾಡಿದಾಗ ಏನು ಹೇಳಬೇಕು?

ಪ್ರಶ್ನೆ: ನಮ್ಮದು ತೋಟದ ಮನೆ. ಮಾವನಿಗೆ ಎದೆನೋವು ಬಂದಾಗ 108ಕ್ಕೆ ಕರೆ ಮಾಡಿದೆ. ಅವರು ಪ್ರಶ್ನೆಗಳನ್ನೇ ಕೇಳುತ್ತಿದ್ದರು. ಇದರಿಂದ ಗಾಡಿ ಬರುವುದು ತಡವಾಗುವುದಿಲ್ಲವೇ?

ಉತ್ತರ: ನಿಮ್ಮ ಆತಂಕ ಸಹಜವೇ. ಆದರೆ ತಡವಾಗುವುದು ಹೆಚ್ಚಾಗಿ ಜಾಗ ಸಿಗದೆ. ಹೊಸಹಳ್ಳಿ ಎಂಬ ಊರು ನಮ್ಮ ರಾಜ್ಯದಲ್ಲಿ ಎಷ್ಟಿವೆಯೋ! ಹಾಗಾಗಿ ಮೊದಲ ಮಾತಿನಲ್ಲೇ ಜಿಲ್ಲೆ, ತಾಲ್ಲೂಕು, ಹೋಬಳಿ, ಊರು ಹೇಳಿ. ಆಮೇಲೆ ಶಾಲೆ, ದೇವಸ್ಥಾನ, ಹಾಲಿನ ಡೇರಿಯಂಥ ಗುರುತು. ‘ನಮ್ಮ ತೋಟದ ಹತ್ತಿರ’ ಎಂದರೆ ಚಾಲಕನಿಗೆ ಏನೂ ತಿಳಿಯದು. ಹೆದ್ದಾರಿಯಲ್ಲಾದರೆ ಕಿಲೋಮೀಟರ್ ಕಲ್ಲಿನ ಸಂಖ್ಯೆ, ಯಾವ ಊರಿನ ಕಡೆಗೆ ಹೋಗುವ ಬದಿ ಎಂಬುದನ್ನೂ ತಿಳಿಸಿ.

ನಂತರ ವಯಸ್ಸು, ಪ್ರಜ್ಞೆ ಇದೆಯೇ, ಉಸಿರಾಟ ಹೇಗಿದೆ, ರಕ್ತ ಹೋಗುತ್ತಿದೆಯೇ. ಕೇಳಿದ್ದಕ್ಕೆ ಮಾತ್ರ ಚಿಕ್ಕದಾಗಿ ಉತ್ತರಿಸಿ. ಅವರು ಹೇಳುವವರೆಗೆ ಫೋನ್ ಇಡಬೇಡಿ. ಲೌಡ್ ಸ್ಪೀಕರ್‌ಗೆ ಹಾಕಿ ಪಕ್ಕದಲ್ಲಿಡಿ. ವಯಸ್ಕರು ಪ್ರಜ್ಞೆ ತಪ್ಪಿ, ಉಸಿರಾಟ ನಿಂತಿದ್ದರೆ ಅಥವಾ ಬಿಟ್ಟುಬಿಟ್ಟು ಏದುಸಿರು ಬರುತ್ತಿದ್ದರೆ, ಎದೆಯ ನಡುವೆ 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಏದುಸಿರನ್ನೇ ಉಸಿರಾಟ ಎಂದುಕೊಂಡು ಸುಮ್ಮನಿರುವುದು ದೊಡ್ಡ ತಪ್ಪು.

ಒಂದೇ ಮನೆಯಿಂದ ನಾಲ್ವರು ಕರೆ ಮಾಡಿದರೆ ಗೊಂದಲ. ಒಬ್ಬರು ಮಾತಾಡಲಿ, ಇನ್ನೊಬ್ಬರು ಟಾರ್ಚ್ ಹಿಡಿದು ರಸ್ತೆಗೆ ಹೋಗಲಿ, ಮತ್ತೊಬ್ಬರು ನಾಯಿ ಕಟ್ಟಿ ಗೇಟು ತೆಗೆಯಲಿ. ಚಾಲಕ ದಾರಿ ಕೇಳಲು ಕರೆ ಮಾಡಬಹುದು, ಆದ್ದರಿಂದ ಆ ಫೋನನ್ನು ಬಂಧುಗಳಿಗೆ ಸುದ್ದಿ ಮುಟ್ಟಿಸಲು ಬಳಸಬೇಡಿ.

ಪೊಲೀಸ್, ಅಗ್ನಿಶಾಮಕ ದಳ ಬೇಕಿದ್ದರೆ 112. ಕೈತಪ್ಪಿ ಕರೆ ಹೋದರೆ ಥಟ್ಟನೆ ಕತ್ತರಿಸದೆ, ತಪ್ಪಾಗಿ ಬಂತು ಎಂದು ಹೇಳಿ.