ಒಂದೇ ತುಂಡಿಗೆ 310, 190 ಎರಡೂ ಬಂದರೆ ಗಡಸುತನದ ಯಂತ್ರ ಕೆಟ್ಟಿದೆಯಾ?

ನಿಮ್ಮ ಪ್ರಶ್ನೆ ಇಷ್ಟು: 304 ಸ್ಟೇನ್‌ಲೆಸ್ ಸ್ಟೀಲ್‌ನ ತುಂಡೊಂದನ್ನು ಮಿಲ್ಲಿಂಗ್ ಮಾಡಿದಿರಿ, ಎಮರಿ ಪೇಪರ್‌ನಲ್ಲಿ ಉಜ್ಜಿ ಹೊಳಪು ಬರಿಸಿದಿರಿ, ವಿಕರ್ಸ್ ಯಂತ್ರದಲ್ಲಿ (ವಜ್ರದ ಮೊನೆ ಒತ್ತಿ, ಬಿದ್ದ ಅಚ್ಚಿನ ಅಳತೆಯಿಂದ ಅಂಕಿ ಕೊಡೋ ಯಂತ್ರ) ಗಡಸುತನ ನೋಡಿದಿರಿ. 100 ಗ್ರಾಂ ಲೋಡ್‌ಗೆ 310 ಬಂತು, 10 ಕಿಲೋಗೆ 190. ಯಾವುದು ಸರಿ, ಯಂತ್ರ ಕೆಟ್ಟಿದೆಯಾ ಅಂತ ಕೇಳಿದ್ದೀರಿ.

ಯಂತ್ರಕ್ಕೆ ಬಹುಶಃ ಏನೂ ಆಗಿಲ್ಲ. ಅನುಮಾನ ಇದ್ದರೆ ಅದರ ಜೊತೆ ಬಂದ ಟೆಸ್ಟ್ ಬ್ಲಾಕ್ (ಗಡಸುತನ ಮೊದಲೇ ಗೊತ್ತಿರೋ ತುಂಡು) ಮೇಲೆ ಐದು ಅಚ್ಚು ಒತ್ತಿ ನೋಡಿ, ಹತ್ತು ನಿಮಿಷದ ಕೆಲಸ. ಅದು ಸರಿ ಬಂದರೆ ನಿಮ್ಮ ಎರಡು ಅಂಕಿಗಳೂ ಸರಿ. 190 ಅನ್ನೋದು ನಿಮ್ಮ ಸ್ಟೀಲ್‌ನದ್ದು. 310 ಅನ್ನೋದು ನಿಮ್ಮ ಕಟರ್ ಮತ್ತು ಎಮರಿ ಪೇಪರ್ ಸೇರಿ ಮೇಲ್ಮೈಯಲ್ಲಿ ಮಾಡಿದ ತೆಳು ಗಟ್ಟಿ ಸಿಪ್ಪೆಯದ್ದು.

ಸ್ವಲ್ಪ ಲೆಕ್ಕ ಹಾಕೋಣ. ವಿಕರ್ಸ್‌ನ ವಜ್ರ ಒಂದು ಪಿರಮಿಡ್, ಎದುರು ಮುಖಗಳ ನಡುವೆ 136 ಡಿಗ್ರಿ. ಅಚ್ಚು ಮೂಲೆಯಿಂದ ಮೂಲೆಗೆ ಎಷ್ಟು ಉದ್ದ ಇರುತ್ತದೋ, ಆಳ ಅದರ ಸುಮಾರು ಏಳನೇ ಒಂದು ಭಾಗ. 100 ಗ್ರಾಂಗೆ 310 ಬಂದಿದೆ ಅಂದರೆ ಅಚ್ಚಿನ ಉದ್ದ ಸುಮಾರು 24 ಮೈಕ್ರಾನ್, ಆಳ ಮೂರೂವರೆ ಮೈಕ್ರಾನ್. 10 ಕಿಲೋಗೆ 190 ಅಂದರೆ ಉದ್ದ 312 ಮೈಕ್ರಾನ್, ಆಳ ಸುಮಾರು 45. ಲೋಹ ಅದುಮಿ ಬದಲಾಗೋದು ಅಚ್ಚಿನ ಅಡಿಯಲ್ಲಿ ಇನ್ನೂ ಆಳಕ್ಕೆ ಹೋಗುತ್ತದೆ. ಅದಕ್ಕೇ ತುಂಡಿನ ದಪ್ಪ ಅಚ್ಚಿನ ಉದ್ದದ ಒಂದೂವರೆ ಪಟ್ಟಾದರೂ ಇರಬೇಕು ಅಂತ ನಿಯಮ. ಅಂದರೆ ನಿಮ್ಮ ಸಣ್ಣ ಅಚ್ಚು ಹೆಚ್ಚೆಂದರೆ ಕೆಲವು ಹತ್ತು ಮೈಕ್ರಾನ್ ಒಳಗಿನ ಸಮಾಚಾರ ಹೇಳುತ್ತಿದೆ. ದೊಡ್ಡದು ಅರ್ಧ ಮಿಲಿಮೀಟರ್‌ವರೆಗಿನದ್ದು.

ಇನ್ನು ಆ ಸಿಪ್ಪೆ ಎಲ್ಲಿಂದ ಬಂತು? ಕಟರ್‌ನ ಅಂಚು ನಮ್ಮ ಕಣ್ಣಿಗೆ ಚೂಪು. ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಅದು ದುಂಡಗಿರುತ್ತದೆ. ಅದರ ಮುಂದೆ ಬಂದ ಲೋಹವೆಲ್ಲ ಚಿಪ್ ಆಗಿ ಮೇಲೇಳುವುದಿಲ್ಲ. ಒಂದಿಷ್ಟು ಅಂಚಿನ ಕೆಳಗೆ ಸಿಕ್ಕಿ, ಅರೆದಂತಾಗಿ, ಅಲ್ಲೇ ಉಳಿಯುತ್ತದೆ. ಕಟರ್ ಸವೆದಿದ್ದರೆ ಇದು ಇನ್ನೂ ಜಾಸ್ತಿ. 304 ಅಂತೂ ಈ ವಿಷಯದಲ್ಲಿ ಬಲು ಹಟಮಾರಿ. ಅದುಮಿದಷ್ಟೂ ಗಡುಸಾಗುತ್ತದೆ, ಜೊತೆಗೆ ಅದರ ಆಸ್ಟಿನೈಟ್ (ಆಯಸ್ಕಾಂತಕ್ಕೆ ಅಂಟದ ಹರಳಿನ ರಚನೆ) ಸ್ವಲ್ಪ ಭಾಗ ಮಾರ್ಟೆನ್‌ಸೈಟ್ (ಅಂಟುವ, ಹೆಚ್ಚು ಗಡುಸಾದ ರಚನೆ) ಆಗುತ್ತದೆ. ನಂಬಿಕೆ ಬರದಿದ್ದರೆ 304ಕ್ಕೆ ಡ್ರಿಲ್ ಹಾಕಿದಾಗ ಬಿದ್ದ ಸುರುಳಿಗಳ ಹತ್ತಿರ ಆಯಸ್ಕಾಂತ ಹಿಡಿಯಿರಿ. ಮೂಲ ತುಂಡಿಗೆ ಆಯಸ್ಕಾಂತ ಅಂಟುವುದೇ ಇಲ್ಲ ಅನ್ನಬಹುದು, ಸುರುಳಿಗಳು ಮಾತ್ರ ಬಹಳ ಸಲ ಓಡಿ ಬಂದು ಅಂಟಿಕೊಳ್ಳುತ್ತವೆ. ಸ್ಟೇನ್‌ಲೆಸ್ ಕೊರೆಯುವಾಗ ಫೀಡ್ (ಉಪಕರಣ ಮುಂದೆ ಸಾಗೋದು) ನಿಲ್ಲಿಸಿ ಸುಮ್ನೆ ಉಜ್ಜಬೇಡಿ ಅಂತ ಅನುಭವಸ್ಥರು ಬೈಯೋದು ಇದಕ್ಕೇ. ಉಜ್ಜಿದ ಜಾಗ ಗಟ್ಟಿಯಾಗಿ ಮುಂದಿನ ಸುತ್ತಿಗೆ ಡ್ರಿಲ್ಲೇ ಸೋಲುತ್ತದೆ.

ಎಮರಿ ಪೇಪರ್ ಈ ಸಿಪ್ಪೆಯನ್ನು ತೆಗೆಯುತ್ತದೆ, ಹೌದು. ಆದರೆ ತೆಗೆಯುತ್ತಲೇ ತನ್ನದೊಂದು ಹೊಸ ಸಿಪ್ಪೆ ಬಿಟ್ಟು ಹೋಗುತ್ತದೆ. ಚೂಪಾದ ಕಣ ಕತ್ತರಿಸುತ್ತದೆ, ಸವೆದ ಕಣ ಬರೀ ಅದುಮಿ ಉಳುತ್ತದೆ. ತೊಂದರೆ ಏನೆಂದರೆ ಸವೆದ ಪೇಪರ್‌ನಲ್ಲಿ ಹೊಳಪು ಬೇಗ ಬರುತ್ತದೆ! ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು ಅನ್ನೋದು ಇಲ್ಲಿ ಅಕ್ಷರಶಃ ನಿಜ.

ಇದರಲ್ಲಿ ನಾನೂ ಚೆನ್ನಾಗಿ ಬಿದ್ದಿದ್ದೇನೆ. ಸಂಶೋಧನೆಯ ಮೊದಲ ವರ್ಷ, ಎರಡು ಬೇರೆ ಫೀಡ್‌ನಲ್ಲಿ ಮಿಲ್ಲಿಂಗ್ ಮಾಡಿದ ತುಂಡುಗಳನ್ನು ಹೋಲಿಸುತ್ತಿದ್ದೆ. ಒಂದು ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ಗಡುಸು. ಗ್ರಾಫ್ ಹಾಕಿ, ಬಣ್ಣ ತುಂಬಿ, ಗೈಡ್ ಮುಂದೆ ಇಟ್ಟೆ. ಅವರು ಗ್ರಾಫ್ ನೋಡಲೇ ಇಲ್ಲ. "ಪೇಪರ್ ಯಾವಾಗ ಬದಲಾಯಿಸಿದೆ?" ಅಂತ ಕೇಳಿದರು. ಎರಡನೇ ತುಂಡಿನ ಹೊತ್ತಿಗೆ ಹೊಸ ಪೇಪರ್ ಮುಗಿದಿತ್ತು, ಹಳೆಯದರಲ್ಲೇ ತಳ್ಳಿದ್ದೆ. ಎರಡನ್ನೂ ಎಲೆಕ್ಟ್ರೋಪಾಲಿಶ್ ಮಾಡಿ (ವಿದ್ಯುತ್‌ನಿಂದ ಮೇಲ್ಪದರ ಕರಗಿಸಿ) ಮತ್ತೆ ನೋಡಿದಾಗ ಆ ವ್ಯತ್ಯಾಸದಲ್ಲಿ ಉಳಿದದ್ದು ಚೂರೇ ಚೂರು. ಮೂರು ವಾರದ ಕೆಲಸ ಕಸದ ಬುಟ್ಟಿಗೆ.

ಹಾಗಾಗಿ ಪಾಲಿಶ್ ಕೆಲಸವನ್ನು ಅವಸರದಲ್ಲಿ ಮುಗಿಸಬೇಡಿ. ನೀರು ಹರಿಯುತ್ತಿರಲಿ, 320, 600, 1200 ನಂಬರಿನ ಪೇಪರ್, ಹೀಗೆ ಒರಟಿನಿಂದ ನಯಕ್ಕೆ ಹೋಗಿ. ಪ್ರತಿ ಪೇಪರ್‌ಗೂ ತುಂಡನ್ನು 90 ಡಿಗ್ರಿ ತಿರುಗಿಸಿ. ಹಳೆಯ ಗೀರು ಕಾಣದಂತಾದ ಮೇಲೆ ಇನ್ನೂ ಅಷ್ಟೇ ಹೊತ್ತು ಉಜ್ಜಿ, ಯಾಕೆಂದರೆ ಗೀರು ಹೋದರೂ ಅದರ ಕೆಳಗಿನ ಪೆಟ್ಟು ಉಳಿದಿರುತ್ತದೆ. ಒಂದೆರಡು ನಿಮಿಷಕ್ಕೆ ಪೇಪರ್ ಬದಲಿಸಿ, ಜಿಪುಣತನ ಬೇಡ. ಆಮೇಲೆ 6, 3, 1 ಮೈಕ್ರಾನ್ ವಜ್ರದ ಪೇಸ್ಟ್, ಕೊನೆಗೆ ಕೊಲಾಯ್ಡಲ್ ಸಿಲಿಕಾ (ತೀರಾ ಸಣ್ಣ ಸಿಲಿಕಾ ಕಣ ತೇಲುವ ದ್ರವ). ಎಲೆಕ್ಟ್ರೋಪಾಲಿಶ್ ಸೌಲಭ್ಯ ಇದ್ದರೆ ಇನ್ನೂ ಒಳ್ಳೆಯದು, ಅದು ಲೋಹವನ್ನು ಕರಗಿಸುತ್ತದೆ, ಅದುಮುವುದಿಲ್ಲ.

ಇಷ್ಟೆಲ್ಲ ಮಾಡಿದರೂ 100 ಗ್ರಾಂ ಅಂಕಿ 10 ಕಿಲೋ ಅಂಕಿಗಿಂತ ಸ್ವಲ್ಪ ಮೇಲೇ ನಿಲ್ಲಬಹುದು. ಅಚ್ಚು ತೀರಾ ಚಿಕ್ಕದಾದಾಗ ಲೋಹ ನಿಜಕ್ಕೂ ಹೆಚ್ಚು ಎದುರು ನಿಲ್ಲುತ್ತದೆ. 1998ರಲ್ಲಿ ನಿಕ್ಸ್ ಮತ್ತು ಗಾವೋ ಅನ್ನೋ ಸಂಶೋಧಕರು ಇದಕ್ಕೊಂದು ವಿವರಣೆ ಕೊಟ್ಟರು. ಅಳತೆಯ ತಪ್ಪೂ ಸೇರಿಕೊಳ್ಳುತ್ತದೆ. 24 ಮೈಕ್ರಾನ್ ಅಚ್ಚನ್ನು ಓದುವಾಗ ಕಣ್ಣು ಒಂದೇ ಮೈಕ್ರಾನ್ ತಪ್ಪಿದರೂ ಅಂಕಿ 25ರಷ್ಟು ಆಚೀಚೆ ಆಗುತ್ತದೆ. 312 ಮೈಕ್ರಾನ್ ಅಚ್ಚಿಗೆ ಅದೇ ತಪ್ಪು ಒಂದು ಅಂಕಿಯಷ್ಟೇ. ಆದರೆ 120 ಅಂಕಿಯ ಅಂತರವನ್ನು ಇವುಗಳ ತಲೆಗೆ ಕಟ್ಟೋಕಾಗಲ್ಲ ಅಲ್ವಾ?

ಅಂದಹಾಗೆ, ಮೇಲ್ಮೈ ಯಾವಾಗಲೂ ಗಡುಸೇ ಆಗುತ್ತದೆ ಅಂತಲ್ಲ. ಹದ ಮಾಡಿದ ಗಟ್ಟಿ ಸ್ಟೀಲನ್ನು ಗ್ರೈಂಡಿಂಗ್‌ನಲ್ಲಿ ಸುಟ್ಟರೆ ಮೇಲಿನ ಪದರ ಮೆತ್ತಗಾಗುತ್ತದೆ. ಇನ್ನೂ ಜಾಸ್ತಿ ಸುಟ್ಟರೆ ಅದರ ಮೇಲೆ ಬಿಳಿಯ, ಗಾಜಿನಂತೆ ಬಿರುಸಾದ ಪದರ ಬರುತ್ತದೆ.

ನಿಮ್ಮ ಸಂಶೋಧನೆಗೆ ಆ ಸಿಪ್ಪೆಯೇ ಮುಖ್ಯವಾದರೆ ಮೇಲಿನಿಂದ ಒತ್ತಬೇಡಿ. ತುಂಡನ್ನು ಅಡ್ಡ ಕೊಯ್ದು, ರೆಸಿನ್‌ನಲ್ಲಿ ಕೂರಿಸಿ, ಅಂಚಿನಿಂದ ಒಳಕ್ಕೆ ಸಾಲಾಗಿ ಅಚ್ಚು ಒತ್ತಿ. ಅಂಚಿನಿಂದ ಅಚ್ಚಿನ ಉದ್ದದ ಎರಡೂವರೆ ಪಟ್ಟು ದೂರ ಬಿಡಬೇಕು. 100 ಗ್ರಾಂ ಹಾಕಿದರೆ ಮೊದಲ ಅಚ್ಚೇ 60 ಮೈಕ್ರಾನ್ ಒಳಗೆ ಬೀಳುತ್ತದೆ, ಅಷ್ಟರಲ್ಲಿ ಸಿಪ್ಪೆ ಮುಗಿದೇ ಹೋಗಿರಬಹುದು. 10 ಗ್ರಾಂಗೆ ಇಳಿದರೆ 20 ಮೈಕ್ರಾನ್‌ನಿಂದಲೇ ಶುರು ಮಾಡಬಹುದು. ನೂಪ್ ವಜ್ರ (ಉದ್ದನೆಯ, ಕಿರಿದಾದ ಅಚ್ಚು ಬೀಳಿಸುವಂಥದ್ದು) ಇದ್ದರೆ ಅದರ ಉದ್ದದ ಬದಿಯನ್ನು ಅಂಚಿಗೆ ಸಮನಾಗಿ ಇಡಿ, ಇನ್ನೂ ಹತ್ತಿರ ಹೋಗಬಹುದು.

ವರದಿಯಲ್ಲಿ ಬರೀ 310, 190 ಅಂತ ಬರೆಯಬೇಡಿ. 310 ಎಚ್‌ವಿ 0.1, 190 ಎಚ್‌ವಿ 10 ಅಂತ ಲೋಡ್ ಸಮೇತ ಬರೆಯಿರಿ (ಎಚ್‌ವಿ ಅಂದರೆ ವಿಕರ್ಸ್ ಗಡಸುತನ, ಅದರ ಮುಂದಿನದು ಕಿಲೋದಲ್ಲಿ ಲೋಡ್), ಕೊನೆಯ ಪಾಲಿಶ್ ಯಾವುದು ಅನ್ನೋದನ್ನೂ ಪಕ್ಕದಲ್ಲೇ ಹಾಕಿ.